ನಾಡಿ 82

"43ನೇ ಪುಟ ನೋಡಬೇಕು, ಸರ್."

ದೂರುದಾರರ ವಕೀಲರು ಹೀಗೆನ್ನುತ್ತಿದ್ದಂತೆ ಮೂರು ಮೇಜುಗಳ ಮೇಲೆ ಹಾಳೆಗಳು ಸರಸರ ಮಗುಚಿಕೊಳ್ಳುತ್ತವೆ. ಎತ್ತರದ ಮೇಜಿನಲ್ಲಿ ಜಿಲ್ಲಾ ಗ್ರಾಹಕರ ಆಯೋಗದ ಅಧ್ಯಕ್ಷರು, ಅವರ ಅಕ್ಕಪಕ್ಕ ಇಬ್ಬರು ಸದಸ್ಯರು. ಎಡಗಡೆ ಆಸ್ಪತ್ರೆಯ ವಕೀಲರು. ಅವರ ಹಿಂದೆ ವಿಮಾ ಕಂಪನಿಯ ಪರವಾಗಿ ಬಂದಿರುವ ಚಿಕ್ಕ ವಯಸ್ಸಿನ ವಕೀಲ. ನೀವು ಹಿಂದಿನ ಸಾಲಿನ ಪ್ಲಾಸ್ಟಿಕ್ ಕುರ್ಚಿಯಲ್ಲಿದ್ದೀರಿ. ಪಕ್ಕದ ಕುರ್ಚಿಯಲ್ಲಿ ತೀರಿಕೊಂಡ ಹುಡುಗಿಯ ತಾಯಿ, ಅವರಾಚೆ ಅಳಿಯ. ತಾಯಿಯ ತೊಡೆಯ ಮೇಲೆ ಬಟ್ಟೆಯಂಗಡಿಯ ಕೈಚೀಲ. ಅದರೊಳಗೆ ಮಗಳ ತಾಯಿ ಕಾರ್ಡು, ಸ್ಕ್ಯಾನಿಂಗ್ ರಿಪೋರ್ಟು, ಮೆಡಿಕಲ್ ಸ್ಟೋರಿನ ಬಿಲ್ಲುಗಳು. ಎಲ್ಲದರ ಜೆರಾಕ್ಸೂ ಕಡತದಲ್ಲಿದೆ, ಆದರೂ ಪ್ರತಿ ವಾಯಿದೆಗೂ ಅಸಲನ್ನು ಹೊತ್ತು ತರುತ್ತಾರೆ.

43ನೇ ಪುಟ ಹೆರಿಗೆಯಾದ ರಾತ್ರಿಯ ಚಾರ್ಟು. ರಕ್ತದೊತ್ತಡ, ನಾಡಿ, ಉಸಿರು, ಕೊನೆಗೆ ಸಿಸ್ಟರ್ ಸಹಿಗೆ ಒಂದು ಕಾಲಂ. ಹೆರಿಗೆ 11.05ಕ್ಕೆ. ಮುಂದಿನ ಸಾಲುಗಳು 11.30, 12, 12.30, 1, 1.30. ಐದು ಸಾಲಿಗೆ ಐದರಲ್ಲೂ ನಾಡಿ 82, ಬಿಪಿ 110/70. ಅಕ್ಷರ ಒಂದೇ ಕೈಯದು, ಒಂದೇ ಓಟದಲ್ಲಿ ಬರೆದಂತಿದೆ. ಐದು ಸಹಿಗಳ ಬಾಲವೂ ಒಂದೇ ಕಡೆಗೆ ವಾಲಿದೆ. ಆರನೇ ಸಾಲು ಮಾತ್ರ ಬೇರೆ ಕೈಬರಹ, ಅವಸರದ್ದು: 1.50, ನಾಡಿ 150, ಬಿಪಿ ಸಿಗುತ್ತಿಲ್ಲ.

"1.30ಕ್ಕೆ 82 ಇದ್ದ ನಾಡಿ 1.50ಕ್ಕೆ 150 ಆಯಿತು ಅಂತ ಆಸ್ಪತ್ರೆ ಹೇಳ್ತಿದೆ, ಸರ್. ಅದಕ್ಕೆ ಮುಂಚೆ ಎರಡು ಗಂಟೆ ಕಾಲ 82ರಿಂದ ಒಂದು ಅಂಕೆಯೂ ಅತ್ತಿತ್ತ ಆಗಿಲ್ಲ. 83 ಇಲ್ಲ, 80 ಇಲ್ಲ. ಮಲಗಿರೋ ಮನುಷ್ಯರ ನಾಡಿ ಹೀಗಿರುತ್ತಾ?"

ಅಧ್ಯಕ್ಷರು ಕನ್ನಡಕ ಸರಿಮಾಡಿಕೊಂಡು ಪುಟವನ್ನು ಕಿಟಕಿಯ ಬೆಳಕಿಗೆ ಹಿಡಿಯುತ್ತಾರೆ. ಮಹಿಳಾ ಸದಸ್ಯರು ತಮ್ಮ ಪ್ರತಿಯಲ್ಲಿ ಪೆನ್ಸಿಲ್ಲಿನಿಂದ ಗೆರೆ ಎಳೆಯುತ್ತಾರೆ. ವಕೀಲರು ಮುಂದುವರಿಸುತ್ತಾರೆ. ಹೆರಿಗೆಯಾದ ಮೇಲೆ ಗರ್ಭಕೋಶ ಮುದುಡಿ ಗಟ್ಟಿಯಾಗಬೇಕು. ಸಡಿಲವಾಗಿ ಉಳಿದರೆ ರಕ್ತ ನಿಲ್ಲುವುದಿಲ್ಲ. ಆರೋಗ್ಯವಾಗಿರುವ ಹರೆಯದ ಹೆಣ್ಣಿನ ದೇಹ ಈ ನಷ್ಟವನ್ನು ಬಹಳ ಹೊತ್ತು ಮರೆಮಾಚುತ್ತದೆ. ಮೊದಲು ಏರುವುದು ನಾಡಿ. ಬಿಪಿ ಕುಸಿಯುವುದು ಆಮೇಲೆ, ಬೇಕಾದಷ್ಟು ರಕ್ತ ಹೋದ ಮೇಲೆ. ಅದಕ್ಕೇ ಮೊದಲ ಗಂಟೆಯಲ್ಲಿ ಕಾಲು ಗಂಟೆಗೊಮ್ಮೆ ನಾಡಿ ಹಿಡಿಯಬೇಕು, ಹೊಟ್ಟೆ ಮುಟ್ಟಿ ಗರ್ಭಕೋಶ ಗಟ್ಟಿಯಿದೆಯೇ ನೋಡಬೇಕು, ಕೆಳಗಿನ ಬಟ್ಟೆ ಎತ್ತಿ ನೋಡಬೇಕು.

ತಾಯಿ ನಿಮ್ಮ ಕಡೆ ವಾಲಿ ಪಿಸುಗುಡುತ್ತಾರೆ: "ನಾ ಹೇಳ್ದೆ ಕಣಪ್ಪ. ಮೂರ್ ಸಲ ಬಟ್ಟೆ ಬದಲಾಯಿಸ್ದೆ. ಹೋಗಿ ಕರೆದ್ರೆ ಆ ಹುಡುಗಿ, 'ಹೆರಿಗೆ ಆದ್ಮೇಲೆ ಹಂಗೇ ಹೋಯ್ತದೆ ಕಣಮ್ಮ, ಮಲ್ಕೊ ಹೋಗು' ಅಂದ್ಲು. ಆಮೇಲೆ ಕಾಲು ಮುಟ್ಟಿ ನೋಡಿದ್ರೆ ಐಸು."

ಚಾರ್ಟಿನಲ್ಲಿ ಬಟ್ಟೆಯ ವಿಷಯಕ್ಕೆ ಕಾಲಮ್ಮೇ ಇಲ್ಲ. ಈ ತಾಯಿ ಕಂಡದ್ದು ಅವರ ಅಫಿಡವಿಟ್ಟಿನಲ್ಲಿದೆ, ಸಿಸ್ಟರ್ ಬರೆದದ್ದು ಆಸ್ಪತ್ರೆಯ ಹಾಳೆಯಲ್ಲಿದೆ. ಎರಡರಲ್ಲಿ ಯಾವುದನ್ನು ನಂಬಬೇಕೆಂಬುದೇ ಈ ಇಡೀ ವ್ಯಾಜ್ಯ.

ಇವರ ಹೆಸರು, ಊರು, ಆಸ್ಪತ್ರೆಯ ಹೆಸರು ಇಲ್ಲಿ ಬೇಡ. ಹಲವು ಕಡತಗಳ ಸಂಕಟ ಈ ಒಂದರಲ್ಲಿ ಸೇರಿದೆ, ಇಂಥದು ಯಾವ ಜಿಲ್ಲೆಯ ಆಯೋಗದಲ್ಲಾದರೂ ಸಿಕ್ಕೀತು. ಹುಡುಗಿಗೆ ಇಪ್ಪತ್ತಾರು ವರ್ಷ, ಮನೆಯಲ್ಲೇ ಬ್ಲೌಸ್ ಹೊಲಿಯುತ್ತಿದ್ದಳು. ರಕ್ತ ಬೇಕೆಂದು ಆಸ್ಪತ್ರೆಯವರು ಚೀಟಿ ಬರೆದುಕೊಟ್ಟದ್ದು 2.15ಕ್ಕೆ. ಅಳಿಯ ಬೈಕಿನಲ್ಲಿ ಹೋಗಿ ಬ್ಲಡ್ ಬ್ಯಾಂಕಿನಿಂದ ಎರಡು ಬಾಟಲಿ ತಂದಾಗ 3.20. ಮೆಡಿಕಲ್ ಕಾಲೇಜಿಗೆ ಸಾಗಿಸುವಾಗ ಆಂಬುಲೆನ್ಸಿನಲ್ಲೇ ಜೀವ ಹೋಯಿತು. ಮಗು ಬದುಕಿದೆ. ಅಜ್ಜಿಯ ಅಕ್ಕ ನೋಡಿಕೊಳ್ಳುತ್ತಿದ್ದಾರೆ.

ಅಳಿಯ ಮೊದಲು ಹೋದದ್ದು ಪೊಲೀಸ್ ಠಾಣೆಗೆ. ಅಲ್ಲಿ ಸಬ್ ಇನ್‌ಸ್ಪೆಕ್ಟರ್, ತಜ್ಞರ ಅಭಿಪ್ರಾಯ ಬಾರದೆ ಡಾಕ್ಟರ ಮೇಲೆ ಮುಂದುವರಿಯುವ ಹಾಗಿಲ್ಲ ಎಂದರು. ಅವರು ಹೇಳಿದ್ದು ಸರಿ. ಲುಧಿಯಾನದ ಆಸ್ಪತ್ರೆಯೊಂದರಲ್ಲಿ 1995ರಲ್ಲಿ ಉಸಿರಾಟದ ತೊಂದರೆಯಿದ್ದ ರೋಗಿಗೆ ತಂದ ಆಮ್ಲಜನಕದ ಸಿಲಿಂಡರ್ ಖಾಲಿಯಿತ್ತು, ರೋಗಿ ತೀರಿಕೊಂಡರು. ಆ ಪ್ರಕರಣದಲ್ಲಿ, 2005ರ ಜೇಕಬ್ ಮ್ಯಾಥ್ಯೂ ತೀರ್ಪಿನಲ್ಲಿ, ಸುಪ್ರೀಂ ಕೋರ್ಟ್ ವೈದ್ಯರ ಮೇಲಿನ ಕ್ರಿಮಿನಲ್ ಮೊಕದ್ದಮೆಯನ್ನು ನಿಲ್ಲಗೊಡಲಿಲ್ಲ. ಸಾಧಾರಣ ಅಜಾಗರೂಕತೆ ಸಾಲದು, ಘೋರ ನಿರ್ಲಕ್ಷ್ಯ ಇರಬೇಕು, ಅದನ್ನು ಹೇಳಲು ಸ್ವತಂತ್ರ ವೈದ್ಯರ, ಸಾಧ್ಯವಾದರೆ ಸರ್ಕಾರಿ ಸೇವೆಯಲ್ಲಿರುವವರ ಅಭಿಪ್ರಾಯ ಬೇಕು ಎಂದಿತು. ಠಾಣೆಯಿಂದ ಹೊರಬಂದ ಕುಟುಂಬ ಕರ್ನಾಟಕ ವೈದ್ಯಕೀಯ ಪರಿಷತ್ತಿಗೂ ಬರೆದಿದೆ. ಪರಿಷತ್ತು ವೈದ್ಯರಿಗೆ ಎಚ್ಚರಿಕೆ ಕೊಡಬಹುದು, ಪಟ್ಟಿಯಿಂದ ಹೆಸರು ತೆಗೆಯಬಹುದು, ಪರಿಹಾರ ಕೊಡಿಸಲಾರದು. ಹೀಗೆ ಅಲೆದು ಕೊನೆಗೆ ಈ ಕೋಣೆಗೆ ಬಂದಿದ್ದಾರೆ.

ಈ ಕೋಣೆಯ ಬಾಗಿಲು ರೋಗಿಗಳಿಗೆ ತೆರೆದದ್ದು 1995ರ ನವೆಂಬರಿನಲ್ಲಿ. ವೈದ್ಯರ ಸೇವೆಯೂ ಗ್ರಾಹಕ ಕಾನೂನಿನೊಳಗೆ ಬರುತ್ತದೆಂದು ಸುಪ್ರೀಂ ಕೋರ್ಟ್ ವಿ.ಪಿ. ಶಾಂತಾ ಪ್ರಕರಣದಲ್ಲಿ ಹೇಳಿತು. ಹಣ ಕೊಟ್ಟು ಪಡೆದ ಸೇವೆಯಾಗಿರಬೇಕು, ಎಲ್ಲರಿಗೂ ಉಚಿತವಾಗಿ ಚಿಕಿತ್ಸೆ ಕೊಡುವ ಆಸ್ಪತ್ರೆ ಇದರೊಳಗೆ ಬರುವುದಿಲ್ಲ. 2024ರ ನವೆಂಬರಿನಲ್ಲಿ ಬಳ್ಳಾರಿಯ ಸರ್ಕಾರಿ ಆಸ್ಪತ್ರೆಯಲ್ಲಿ ಬಾಣಂತಿಯರು ಒಬ್ಬರ ಹಿಂದೊಬ್ಬರು ಸತ್ತು, ಅವರಿಗೆ ಏರಿಸಿದ ಗ್ಲೂಕೋಸ್‌ನಂಥ ದ್ರಾವಣದ ಮೇಲೆ ಸಂಶಯ ಬಂದಾಗ, ಆ ಮನೆಯವರು ಸರ್ಕಾರದ ಬಾಗಿಲಲ್ಲೇ ನಿಲ್ಲಬೇಕಾಯಿತು. ಬಡವರ ಸಾವಿಗೆ ಈ ಕೋಣೆಯಲ್ಲಿ ಕುರ್ಚಿಯಿಲ್ಲ ಎಂಬುದು ನನ್ನನ್ನು ಮತ್ತೆ ಮತ್ತೆ ಕಾಡುವ ಮಾತು. ಪಕ್ಕದಲ್ಲಿ ಕೂತ ಈ ತಾಯಿಗೆ ಕುರ್ಚಿ ಸಿಕ್ಕಿರುವುದು ಓಲೆ ಅಡವಿಟ್ಟು ಕಟ್ಟಿದ ಬಿಲ್ಲಿನಿಂದ. ಕಟ್ಟಿದ್ದು ಐದು ಲಕ್ಷದೊಳಗಿದ್ದರೆ ದೂರು ಕೊಡಲು ಶುಲ್ಕವಿಲ್ಲ. ಆಸ್ಪತ್ರೆ ಯಾವ ಊರಲ್ಲಿದ್ದರೂ ತಾವಿರುವ ಜಿಲ್ಲೆಯಲ್ಲೇ ದೂರು ಹೂಡಬಹುದು. ಘಟನೆಯಾದ ಎರಡು ವರ್ಷದೊಳಗೆ ಬರಬೇಕು, ಅಷ್ಟೆ.

ಆಸ್ಪತ್ರೆಯ ವಕೀಲರು ಏಳುತ್ತಾರೆ. ವಯಸ್ಸಾದವರು, ದನಿ ಎತ್ತುವವರಲ್ಲ. ಸಿನಿಮಾದಲ್ಲಿ ಕಂಡ ಕಟಕಟೆ ಇಲ್ಲಿಲ್ಲ. ಪಾಟಿ ಸವಾಲು ಕಾಗದದ ಮೇಲೆಯೇ ನಡೆದಿದೆ. ಒಂದು ಕಡೆಯವರು ಪ್ರಶ್ನಾವಳಿ ಕೊಟ್ಟಿದ್ದಾರೆ, ಇನ್ನೊಂದು ಕಡೆಯವರು ಪ್ರಮಾಣ ಮಾಡಿ ಉತ್ತರ ಬರೆದಿದ್ದಾರೆ. ಆ ಉತ್ತರಗಳನ್ನೇ ಅವರು ಒಂದೊಂದಾಗಿ ಓದುತ್ತಾರೆ. ವೈದ್ಯೆಗೆ ಕರೆ ಹೋದದ್ದು 1.50ಕ್ಕೆ, ಬಂದದ್ದು 1.55ಕ್ಕೆ. ಗರ್ಭಕೋಶ ಗಟ್ಟಿಯಾಗಿಸುವ ಇಂಜೆಕ್ಷನ್ ಕೊಟ್ಟರು, ಕೈಯಿಂದ ಒತ್ತಿ ಹಿಡಿದರು, ಅರಿವಳಿಕೆ ತಜ್ಞರನ್ನು ಕರೆಸಿದರು, ರಕ್ತ ತರಿಸಿದರು, ದೊಡ್ಡ ಆಸ್ಪತ್ರೆಗೆ ಕಳಿಸಿದರು.

"ಸರ್ಕಾರಿ ಮೆಡಿಕಲ್ ಕಾಲೇಜಿನ ತಜ್ಞರು ಇದೇ ಚಾರ್ಟ್ ನೋಡಿ, ಚಿಕಿತ್ಸೆ ಕ್ರಮಬದ್ಧವಾಗಿದೆ ಅಂತ ವರದಿ ಕೊಟ್ಟಿದ್ದಾರೆ, ಸರ್. ರೋಗಿ ಉಳಿಯಲಿಲ್ಲ ಅನ್ನೋದೇ ನಿರ್ಲಕ್ಷ್ಯಕ್ಕೆ ಸಾಕ್ಷಿ ಆಗೋದಾದರೆ ನಾಳೆಯಿಂದ ಯಾರೂ ಕಷ್ಟದ ಹೆರಿಗೆ ಮುಟ್ಟೋದಿಲ್ಲ."

ಈ ಮಾತನ್ನು ತಳ್ಳಿಹಾಕಲಾಗದು, ನಾನೂ ತಳ್ಳಿಹಾಕುವುದಿಲ್ಲ. ತಾಲ್ಲೂಕು ಮಟ್ಟದಲ್ಲಿ ರಾತ್ರಿ ಒಂದು ಗಂಟೆಗೆ ಎದ್ದು ಓಡಿಬರುವ ಹೆರಿಗೆ ವೈದ್ಯರು ಕಡಿಮೆ. 1.55ರ ನಂತರ ಈ ವೈದ್ಯೆ ಮಾಡಿದ್ದರಲ್ಲಿ ತಪ್ಪು ಹುಡುಕಲು ದೂರುದಾರರ ವಕೀಲರೂ ಹೋಗಿಲ್ಲ. ಅವರ ಬೆರಳು ಇರುವುದು 11.05ರಿಂದ 1.50ರವರೆಗಿನ ಹೊತ್ತಿನ ಮೇಲೆ.

ಮತ್ತೆ ಅವರ ಸರದಿ. 2010ರಲ್ಲಿ ತೀರ್ಪಾದ ವಿ. ಕಿಶನ್ ರಾವ್ ಪ್ರಕರಣದಲ್ಲಿ ಮಲೇರಿಯಾ ಜ್ವರಕ್ಕೆ ಟೈಫಾಯ್ಡ್ ಚಿಕಿತ್ಸೆ ಕೊಟ್ಟಿದ್ದರು. ತಪ್ಪು ಎದ್ದು ಕಾಣುವಾಗ ಪ್ರತಿಯೊಂದಕ್ಕೂ ತಜ್ಞರ ಅಭಿಪ್ರಾಯ ಬೇಕಿಲ್ಲ ಎಂದು ಸುಪ್ರೀಂ ಕೋರ್ಟ್ ಅಲ್ಲಿ ಹೇಳಿದೆ. "ತಜ್ಞರ ವರದಿ ಎರಡು ಪ್ಯಾರಾ ಇದೆ, ಸರ್. ಅವರು ನೋಡಿದ್ದೂ ಈ 82ನ್ನೇ. ಈ 82 ನಿಜವೇ ಅಂತ ಅವರನ್ನು ಯಾರೂ ಕೇಳಿಲ್ಲ."

ಆಗ ಅಧ್ಯಕ್ಷರು, ಬೆಳಗಿನಿಂದ ಮೊದಲ ಬಾರಿಗೆ, ತಾವೇ ಕೇಳುತ್ತಾರೆ: "ಆ ರಾತ್ರಿ ಪಾಳಿಯಲ್ಲಿ ಎಷ್ಟು ಜನ ಸಿಸ್ಟರ್ ಇದ್ದರು?"

ಆಸ್ಪತ್ರೆಯ ವಕೀಲರು ಕಡತ ಮಗುಚುತ್ತಾರೆ. ಹಿಂದಕ್ಕೆ ತಿರುಗಿ ಆಡಳಿತಾಧಿಕಾರಿಯನ್ನು ನೋಡುತ್ತಾರೆ. ಅವರು ಮೊಬೈಲ್ ತೆಗೆದು ಹೊರಗೆ ಹೋಗುತ್ತಾರೆ. "ಡ್ಯೂಟಿ ರಿಜಿಸ್ಟರ್ ಕಡತದಲ್ಲಿಲ್ಲ, ಸರ್. ವಿಚಾರಿಸಿ ಹೇಳುತ್ತೇನೆ."

"ಎಷ್ಟು ಬಾಣಂತಿಯರಿದ್ದರು?"

"ಅದನ್ನೂ ವಿಚಾರಿಸಬೇಕು, ಸರ್."

ಮಧ್ಯಾಹ್ನದ ಬಿಡುವು. ಕಾರಿಡಾರಿನ ಒಂದು ತುದಿಯಲ್ಲಿ ನೀರಿನ ಕ್ಯಾನ್, ಇನ್ನೊಂದು ತುದಿಯಲ್ಲಿ ಕಲ್ಲುಬೆಂಚು. ತಾಯಿ, ಅಳಿಯ ಬೆಂಚಿನ ಮೇಲೆ ಚಿತ್ರಾನ್ನದ ಡಬ್ಬಿ ಬಿಚ್ಚುತ್ತಾರೆ. ನಿಮಗೂ ಒಂದು ಮುಚ್ಚಳದಲ್ಲಿ ಹಾಕಿಕೊಡುತ್ತಾರೆ, ಬೇಡವೆಂದರೆ ಕೇಳುವುದಿಲ್ಲ. ಆಸ್ಪತ್ರೆಯ ಆಡಳಿತಾಧಿಕಾರಿ ಹತ್ತಿರ ಬಂದು ಅಳಿಯನ ಪಕ್ಕ ಕೂರುತ್ತಾರೆ.

"ನೋಡಪ್ಪ, ಎಷ್ಟು ವರ್ಷ ಅಂತ ಅಲೀತೀಯಾ? ಇಲ್ಲಿ ಗೆದ್ದರೂ ನಾವು ಬೆಂಗಳೂರಿಗೆ ಅಪೀಲು ಹೋಗ್ತೀವಿ. ಒಂದು ಮೊತ್ತ ಮಾತಾಡಿಕೊಳ್ಳೋಣ. ನಿನ್ನ ತಮ್ಮನ ಮೇಲಿರೋ ಕೇಸೂ ಮುಗೀಲಿ."

ತಮ್ಮನ ಕೇಸು ಆ ಬೆಳಗಿನ ಜಾವದ್ದು. ಅತ್ತಿಗೆಯ ಹೆಣ ಕಂಡು ಅವನು ಆಸ್ಪತ್ರೆಯ ಸ್ವಾಗತ ಮೇಜಿನ ಗಾಜು ಒಡೆದ. ವೈದ್ಯಕೀಯ ಸಿಬ್ಬಂದಿಯ ಮೇಲಿನ ಹಲ್ಲೆ ಹಾಗೂ ಆಸ್ತಿ ಹಾನಿ ತಡೆಯಲು 2009ರಲ್ಲಿ ಕರ್ನಾಟಕ ಮಾಡಿದ ಕಾಯ್ದೆಯಡಿ ಎಫ್‌ಐಆರ್ ಆಯಿತು. ಕಾಯ್ದೆ ಇರಬೇಕಾದ್ದೇ. ರಾತ್ರಿ ಪಾಳಿಯ ಹುಡುಗಿಯರು ಪೆಟ್ಟು ತಿನ್ನಬಾರದು. ಆದರೆ ಆ ಗಾಜು ಒಡೆದ ಗಳಿಗೆಯಿಂದ ಆಸ್ಪತ್ರೆಯವರೂ ಮನೆಯವರೂ ಪೊಲೀಸರ ಮೂಲಕ, ವಕೀಲರ ಮೂಲಕ ಮಾತ್ರ ಮಾತಾಡಿದ್ದಾರೆ.

ಅಳಿಯ ತಲೆ ತಗ್ಗಿಸಿ ಕೂತಿದ್ದಾನೆ. ಉತ್ತರ ಕೊಡುವುದು ಅತ್ತೆ. "ದುಡ್ಡು ಆಮೇಲೆ ಮಾತಾಡನ, ಸ್ವಾಮಿ. ನಾ ಕರೆದಾಗ ಯಾಕ್ ಬರ್ಲಿಲ್ಲ ಅಂತ ಅದೊಂದು ಹೇಳ್ಬುಡಿ. ನನ್ ಮಗಳು ಎಷ್ಟೊತ್ತಿನಿಂದ ಹಂಗಾಗಿದ್ಲು ಅಂತ ಹೇಳ್ಬುಡಿ."

ಆಡಳಿತಾಧಿಕಾರಿ ಏನೂ ಹೇಳದೆ ಏಳುತ್ತಾರೆ.

ಅಷ್ಟರಲ್ಲಿ ಮೆಟ್ಟಿಲ ಬಳಿ ನಿಂತಿದ್ದ ವೈದ್ಯೆ ಈ ಕಡೆ ಬರುತ್ತಾರೆ. ನಲವತ್ತರ ಆಸುಪಾಸು, ಹತ್ತಿ ಸೀರೆ. ಓಪಿಡಿ ಬಿಟ್ಟು ಬಂದವರು. ಕಾಯುತ್ತಿರುವ ರೋಗಿಗಳ ಫೋನು ಬರುತ್ತಲೇ ಇದೆ. ಬೆಂಚಿಗೆ ಎರಡು ಹೆಜ್ಜೆ ದೂರದಲ್ಲಿ ನಿಂತು "ಅಮ್ಮಾ," ಎನ್ನುತ್ತಾರೆ. "ನಾನು ಆವತ್ತು—"

"ಮೇಡಂ, ಬೇಡ." ಚಿಕ್ಕ ವಯಸ್ಸಿನ ವಕೀಲ ಓಡಿಬಂದು ನಡುವೆ ನಿಲ್ಲುತ್ತಾನೆ. "ಏನೂ ಮಾತಾಡಬೇಡಿ. ದಯವಿಟ್ಟು ಈ ಕಡೆ ಬನ್ನಿ."

ವೈದ್ಯೆ ಹಿಂದಿರುಗುತ್ತಾರೆ. ತಾಯಿ ಕೈಯಲ್ಲಿದ್ದ ತುತ್ತನ್ನು ಡಬ್ಬಿಗೆ ಹಾಕುತ್ತಾರೆ.

ಆ ಹುಡುಗ ದುಷ್ಟನಲ್ಲ, ತನ್ನ ಕೆಲಸ ಮಾಡಿದ. ವೈದ್ಯರು ಕೊಳ್ಳುವ ವೃತ್ತಿ ವಿಮೆಯ ಪಾಲಿಸಿಗಳಲ್ಲಿ ಸಾಮಾನ್ಯವಾಗಿ ಒಂದು ಷರತ್ತು ಇರುತ್ತದೆ. ಕಂಪನಿಯ ಲಿಖಿತ ಒಪ್ಪಿಗೆಯಿಲ್ಲದೆ ಹೊಣೆ ಒಪ್ಪಿಕೊಳ್ಳಬಾರದು, ಮಾತು ಕೊಡಬಾರದು. ನಡೆದದ್ದನ್ನು ಹೇಳುವುದಕ್ಕೂ ತಪ್ಪೊಪ್ಪಿಗೆಗೂ ನಡುವಿನ ಗೆರೆ ಎಲ್ಲಿದೆಯೆಂದು ಯಾವ ವೈದ್ಯರಿಗೂ ಖಚಿತವಿಲ್ಲ, ಆದ್ದರಿಂದ ಎಲ್ಲರೂ ಬಾಯಿ ಮುಚ್ಚಿಕೊಳ್ಳುತ್ತಾರೆ. ಸಾವಾದ ಮನೆಯವರಿಗೆ ಆ ಮೌನವೇ ತಪ್ಪೊಪ್ಪಿಗೆಯಂತೆ ಕೇಳುತ್ತದೆ.

ಕಾನೂನು ಕೂಡ ಇಲ್ಲಿ ಸಹಾಯಕ್ಕೆ ಬಂದಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಸಂಧಾನಕ್ಕೆ ಒಂದು ಅಧ್ಯಾಯವನ್ನೇ ಮೀಸಲಿಟ್ಟಿದೆ. ಆಯೋಗಕ್ಕೆ ಹೊಂದಿಕೊಂಡು ಸಂಧಾನ ಕೋಶ ಇರಬೇಕೆಂದಿದೆ. ಫ್ರಿಜ್ಜು ಕೆಟ್ಟರೆ, ಫ್ಲ್ಯಾಟು ತಡವಾದರೆ ಎರಡೂ ಕಡೆಯವರನ್ನು ಒಂದು ಮೇಜಿಗೆ ಕೂರಿಸಬಹುದು. ಆದರೆ 2020ರ ಸಂಧಾನ ನಿಯಮಗಳು, ವೈದ್ಯಕೀಯ ನಿರ್ಲಕ್ಷ್ಯದಿಂದ ಸಾವು ಅಥವಾ ತೀವ್ರ ಗಾಯವಾದ ಪ್ರಕರಣಗಳನ್ನು ಸಂಧಾನಕ್ಕೆ ಕಳಿಸಬಾರದು ಎನ್ನುತ್ತವೆ. ಕಾರಣ ಊಹಿಸಬಲ್ಲೆ. ಈಗಷ್ಟೇ ಆಡಳಿತಾಧಿಕಾರಿ ಮಾಡಿದ್ದನ್ನೇ ಮುಚ್ಚಿದ ಕೋಣೆಯಲ್ಲಿ ಮಾಡಿ, ಬಡವರ ಕೈಗೆ ಒಂದಿಷ್ಟು ಕೊಟ್ಟು ಸಾವನ್ನೇ ಮುಚ್ಚಿಹಾಕಿಯಾರು ಎಂಬ ಭಯ. ನ್ಯಾಯವಾದ ಭಯವೇ. ಆದರೂ ಕೊನೆಗೆ ಆಗಿರುವುದನ್ನು ನೋಡಿ: ಆಣೆ ಪ್ರಮಾಣವಿಲ್ಲದ, ಸಾಕ್ಷಿಯಿಲ್ಲದ ಚೌಕಾಸಿ ಕಾರಿಡಾರಿನಲ್ಲಿ ಎಗ್ಗಿಲ್ಲದೆ ನಡೆಯುತ್ತದೆ. ನಡೆದದ್ದೇನೆಂದು ಎದುರುಬದುರು ಕೂತು ಹೇಳಲು ಮಾತ್ರ ಜಾಗವಿಲ್ಲ. ಇಂಗ್ಲೆಂಡಿನ ಸಾರ್ವಜನಿಕ ಆಸ್ಪತ್ರೆಗಳು 2014ರಿಂದ, ಚಿಕಿತ್ಸೆಯಲ್ಲಿ ಗಂಭೀರ ಹಾನಿಯಾದರೆ ಅದನ್ನು ರೋಗಿಗೆ ಅಥವಾ ಮನೆಯವರಿಗೆ ತಾವಾಗಿಯೇ ತಿಳಿಸಿ, ಕ್ಷಮೆ ಕೇಳಬೇಕು. ಕ್ಷಮೆ ಕೇಳಿದ ಮಾತ್ರಕ್ಕೆ ನಿರ್ಲಕ್ಷ್ಯ ಒಪ್ಪಿದಂತಲ್ಲ ಎಂದು ಅಲ್ಲಿನ 2006ರ ಕಾಯ್ದೆ ಹೇಳುತ್ತದೆ. ನಮ್ಮಲ್ಲಿ ಅಂಥ ಒಂದೇ ಒಂದು ಸಾಲು ಇದ್ದಿದ್ದರೆ ಆ ವೈದ್ಯೆ "ಆವತ್ತು" ಎಂದು ಶುರುಮಾಡಿದ್ದನ್ನು ಮುಗಿಸುತ್ತಿದ್ದರು. ಪರಿಹಾರದ ಹಣ ಅದರಿಂದ ಕಡಿಮೆಯಾಗಬೇಕಿಲ್ಲ. ಈ ತಾಯಿಗೆ ಎರಡೂ ಬರಬೇಕು.

ಎರಡೂವರೆಗೆ ಮತ್ತೆ ಒಳಗೆ. ಈಗ ಲೆಕ್ಕದ ಮಾತು. ಮನೆಯಾಕೆಯ ದುಡಿಮೆಗೆ ಬೆಲೆ ಕಟ್ಟುವುದು ಹೇಗೆ? ಹೊಲಿಗೆಯ ಆದಾಯಕ್ಕೆ ರಸೀದಿಯಿಲ್ಲವೆಂದು ಆಸ್ಪತ್ರೆಯ ಕಡೆಯವರು. ರಸೀದಿಯಿಲ್ಲದ ಅಡುಗೆ, ಮಗುವಿನ ಆರೈಕೆ, ಅತ್ತೆಯ ಔಷಧಿ ಇವೆಲ್ಲ ದುಡಿಮೆಯೇ ಎಂದು 2021ರ ಕೀರ್ತಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆಯೆಂದು ಈ ಕಡೆಯವರು. ಕುನಾಲ್ ಸಾಹಾ ಹೆಸರೂ ಬರುತ್ತದೆ. 1998ರಲ್ಲಿ ಕೋಲ್ಕತ್ತಾದಲ್ಲಿ ಚರ್ಮದ ತೀವ್ರ ಕಾಯಿಲೆಗೆ ವೈದ್ಯರು ವಿಪರೀತ ಸ್ಟೀರಾಯ್ಡ್ ಕೊಟ್ಟ ಮೇಲೆ ಪತ್ನಿಯನ್ನು ಕಳೆದುಕೊಂಡ, ಸ್ವತಃ ವೈದ್ಯರಾದ ಅವರಿಗೆ 2013ರಲ್ಲಿ ಸುಪ್ರೀಂ ಕೋರ್ಟ್ ಸುಮಾರು 6 ಕೋಟಿ ರೂಪಾಯಿಯ ಪರಿಹಾರ ಮಂಜೂರು ಮಾಡಿತು. ಪ್ರತಿ ವಕೀಲರೂ ಈ ಮೊತ್ತ ಹೇಳುತ್ತಾರೆ. ಅದಕ್ಕೆ ಹಿಡಿದ ಹದಿನೈದು ವರ್ಷ, ಕಡತದ ಪ್ರತಿ ಹಾಳೆಯನ್ನೂ ಓದಬಲ್ಲ ವೈದ್ಯನ ಕಣ್ಣು, ಇವನ್ನು ಯಾರೂ ಹೇಳುವುದಿಲ್ಲ. ಬ್ಲೌಸ್ ಹೊಲಿಯುವವಳ ಗಂಡನಿಗೆ ಅಂಥ ಕಣ್ಣನ್ನು ಯಾರು ಕೊಡುತ್ತಾರೆ?

ನಾಲ್ಕು ಗಂಟೆಯ ಹೊತ್ತಿಗೆ ಅಧ್ಯಕ್ಷರು ಶೀಘ್ರಲಿಪಿಗಾರ್ತಿಗೆ ಹೇಳಿ ಬರೆಸುತ್ತಾರೆ. ಸಾಕ್ಷಿ, ದಾಖಲೆ ತರಿಸಿಕೊಳ್ಳುವ ವಿಷಯದಲ್ಲಿ ಆಯೋಗಕ್ಕೆ ಸಿವಿಲ್ ಕೋರ್ಟಿನ ಅಧಿಕಾರವಿದೆ. ಆ ರಾತ್ರಿಯ ನರ್ಸಿಂಗ್ ಡ್ಯೂಟಿ ರಿಜಿಸ್ಟರು, ವಾರ್ಡಿನ ದಾಖಲಾತಿ ಪುಸ್ತಕ, ಕೇಸ್ ಶೀಟಿನ ಅಸಲು, ಮೂರನ್ನೂ ಎದುರುದಾರರು ಮುಂದಿನ ವಾಯಿದೆಗೆ ಹಾಜರುಪಡಿಸಬೇಕು. ಚಾರ್ಟಿಗೆ ಸಹಿ ಮಾಡಿದ ಸಿಸ್ಟರ್ ಪ್ರಮಾಣಪತ್ರ ಸಲ್ಲಿಸಬೇಕು. ಆಕೆ ಕೆಲಸ ಬಿಟ್ಟಿದ್ದಾಳೆ, ವಿಳಾಸ ಗೊತ್ತಿಲ್ಲ ಎನ್ನುತ್ತಾರೆ ಆಸ್ಪತ್ರೆಯ ವಕೀಲರು. "ಹುಡುಕಿ," ಎನ್ನುತ್ತಾರೆ ಅಧ್ಯಕ್ಷರು. ಇಂಥ ದೂರು ಮೂರು ತಿಂಗಳಲ್ಲಿ, ಪರೀಕ್ಷೆ ಬೇಕಿದ್ದರೆ ಐದು ತಿಂಗಳಲ್ಲಿ ಮುಗಿಯಬೇಕೆಂದು ಕಾಯ್ದೆ ಬಯಸುತ್ತದೆ. ಈ ಕಡತಕ್ಕೆ ಮೂರನೇ ವರ್ಷ.

ಹೊರಗೆ ಬಂದ ಮೇಲೆ ತಾಯಿ ವಕೀಲರನ್ನು ಕೇಳುತ್ತಾರೆ: "ಆ ಪುಸ್ತಕ ತತ್ತಾರಾ, ಸ್ವಾಮಿ?"

"ತರದಿದ್ದರೆ, ಅವರಿಗೆ ವಿರುದ್ಧವಾದದ್ದು ಅದರಲ್ಲಿದೆ ಅಂತಲೇ ತಿಳೀಬೇಕು ಅಂತ ಆಯೋಗಕ್ಕೆ ಕೇಳ್ತೀನಮ್ಮ. ನೀವು ಮಾತ್ರ ನಿಮ್ಮ ಚೀಲ ಜೋಪಾನ ಮಾಡಿ."

ವಕೀಲರಿಗಾಗಿ ಕಾಯುತ್ತ ಇನ್ನೊಬ್ಬ ನಿಂತಿದ್ದಾನೆ. ಮೊಣಕಾಲಿನ ಆಪರೇಷನ್ ಆದ ತಂದೆಗೆ ಕೀವು ತುಂಬಿ ಈಗ ಕಾಲು ತೆಗೆಯುವ ಮಾತಾಡುತ್ತಿದ್ದಾರಂತೆ. ಕೇಸು ಹಾಕೋಣವೇ ಎಂದು ಕೇಳುತ್ತಾನೆ. ವಕೀಲರು ಕಡತ ಕಂಕುಳಿಗೆ ಸೇರಿಸಿಕೊಂಡು, ಅವನ ಕೈಗೆ ಪೆನ್ನು ಕೊಡುತ್ತಾರೆ.

"ಕೇಸಿನ ಮಾತು ಆಮೇಲೆ. ಮೊದಲು ಅಪ್ಪನನ್ನ ಇನ್ನೊಬ್ಬ ಡಾಕ್ಟ್ರಿಗೆ ತೋರಿಸು. ಇವತ್ತೇ ಆಸ್ಪತ್ರೆಗೆ ಒಂದು ಅರ್ಜಿ ಕೊಡು, ಪೂರ್ತಿ ಕೇಸ್ ಶೀಟಿನ ಪ್ರತಿ ಬೇಕು ಅಂತ. ಡಿಸ್ಚಾರ್ಜ್ ಸಮರಿ ಒಂದೇ ಸಾಲದು. ಸಿಸ್ಟರ್ ಚಾರ್ಟು, ಆಪರೇಷನ್ ನೋಟ್ಸು, ಔಷಧಿ ಕೊಟ್ಟ ಹಾಳೆ, ನೀನು ಸಹಿ ಹಾಕಿದ ಒಪ್ಪಿಗೆ ಪತ್ರ, ಎಲ್ಲಾ. ಕೇಳಿದ 72 ಗಂಟೆಯೊಳಗೆ ಕೊಡಬೇಕು ಅಂತ ವೈದ್ಯಕೀಯ ಪರಿಷತ್ತಿನ ನಿಯಮ ಇದೆ, 2002ರದು. ಎರಡು ಪ್ರತಿ ಬರಿ. ಒಂದಕ್ಕೆ ಅವರ ಸೀಲು ಹಾಕಿಸ್ಕೊ, ಟೈಮ್ ಹಾಕಿಸ್ಕೊ. ಗಲಾಟೆ ಮಾಡಬೇಡ. ಸೀಲ್ ಹಾಕಲ್ಲ ಅಂದ್ರೆ ರಿಜಿಸ್ಟರ್ಡ್ ಪೋಸ್ಟ್ ಮಾಡು."

ಅವನು ಗೋಡೆಗೆ ಕಾಗದ ಒತ್ತಿಕೊಂಡು ಬರೆಯಲು ತೊಡಗುತ್ತಾನೆ. ಯಾರಿಗೆ ಅಂತ ಬರೆಯಲಿ, ಡಾಕ್ಟ್ರಿಗೋ ಆಸ್ಪತ್ರೆಗೋ ಎಂದು ಕೇಳುತ್ತಾನೆ. ಆಸ್ಪತ್ರೆಯ ವೈದ್ಯಾಧಿಕಾರಿಗೆ, ಎನ್ನುತ್ತಾರೆ ವಕೀಲರು.